ಇಲಿಗಳ ಯೋಗ, ಅವ್ವನ ಬಲಗಡೆ

ಬೇರೆಯವರು ಕಂಡುಹಿಡಿದದ್ದನ್ನು ಕನ್ನಡಕ್ಕೆ ತರುವುದು ನನ್ನ ಕಸುಬು. ನಾನಾಗಿ ಏನನ್ನೂ ಕಂಡುಹಿಡಿದವಳಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಕಂಡುಹಿಡಿಯುವುದಕ್ಕೇ ನನಗೆ ಅರ್ಧ ಬೆಳಗ್ಗೆ ಬೇಕು. ಹುಣಸೂರಿನ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು, ಯಾವ್ಯಾವುದೋ ದೇಶದ ಪ್ರಯೋಗಾಲಯಗಳಿಂದ ಬರುವ ಸಂಶೋಧನೆಗಳನ್ನು ಓದಿ, ಒಂದು ವಾರಪತ್ರಿಕೆಗೆ ಮೂರು ಸುದ್ದಿ ಮಾಡಿ ಕಳಿಸುತ್ತೇನೆ. ಲೋಹ, ಗಾಜು, ಪ್ಲಾಸ್ಟಿಕ್ಕಿನಂಥ ವಸ್ತುಗಳ ಬಗ್ಗೆ ಒಂದು, ಭೂಮಿಯ ಬಗ್ಗೆ ಒಂದು, ಕ್ಯಾನ್ಸರ್ ಬಗ್ಗೆ ಒಂದು ಇರಲೇಬೇಕು ಎಂಬುದು ಸಂಪಾದಕರ ಕಟ್ಟಪ್ಪಣೆ. ಮೂರನೆಯದು ಇಲ್ಲದಿದ್ದರೆ ಓದುಗರು ಪುಟ ಮಗುಚಿಬಿಡುತ್ತಾರಂತೆ.

ಈ ಮೂರಕ್ಕೂ ಅತ್ತೆ ಹೆಸರಿಟ್ಟಿದ್ದರು: ಕಬ್ಬಿಣದ ಸುದ್ದಿ, ಕಲ್ಲಿನ ಸುದ್ದಿ, ಇಲಿ ಸುದ್ದಿ.

ಅತ್ತೆ ಎಂದರೆ ಅಪ್ಪನ ಅಕ್ಕ. ಗಾವಡಗೆರೆಯಿಂದ ಸ್ವಲ್ಪ ಒಳಕ್ಕೆ ಅವರ ಊರು. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು, ಹೊಲವನ್ನು, ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಬೇಯಿಸುವ ಬ್ಯಾರನ್ ಎಂಬ ಗೂಡುಮನೆಯನ್ನು ಒಂದೇ ಗದರಿಕೆಯಲ್ಲಿ ನಡೆಸಿಕೊಂಡು ಬಂದವರು. ಹಿರಿಯವನಿಗೆ ಮೀಸೆ ನರೆತಿದೆ, ಈಗಲೂ ಅಮ್ಮ ಕೆಮ್ಮಿದರೆ ಇಬ್ಬರೂ ಎದ್ದು ನಿಲ್ಲುತ್ತಾರೆ. ಭಾನುವಾರ ನಾನು ಅಲ್ಲಿಗೆ ಹೋಗಿ ಆ ವಾರದ ಸುದ್ದಿಗಳನ್ನು ಓದಿ ಹೇಳಬೇಕು. ಅತ್ತೆಗೆ ಓದಲು ಬರುತ್ತಿತ್ತು. ಆದರೆ ನಾನು ಓದಿದರೆ ನಡುನಡುವೆ ಬೈಯಬಹುದು, ಪತ್ರಿಕೆಯನ್ನು ಬೈದರೆ ಅದು ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ.

ಕ್ಯಾನ್ಸರ್ ಸುದ್ದಿ ಇಲಿ ಸುದ್ದಿಯಾದದ್ದಕ್ಕೆ ಕಾರಣವಿತ್ತು. ಗಡ್ಡೆ ಕರಗಿತು ಎಂದು ನಾನು ಸಂಭ್ರಮದಿಂದ ಓದುತ್ತಿದ್ದೆ, ಕೊನೆಯ ಸಾಲಿನಲ್ಲಿ ಅದು ಇಲಿಯದಾಗಿರುತ್ತಿತ್ತು. ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ನಡೆಯಬೇಕಿದೆ ಎಂದು ಮುಗಿಸುವಷ್ಟರಲ್ಲಿ ಅತ್ತೆ ನಗಲು ಶುರು ಮಾಡಿರುತ್ತಿದ್ದರು. ಇಲಿಗಳಿಗಿರುವ ಯೋಗ ಯಾವ ಮಹಾರಾಜನಿಗೂ ಇರಲಿಲ್ಲವಂತೆ. ಆ ಯೋಗವಂತ ಕುಲದ ಒಂದಷ್ಟು ಜನ ಅವರ ಅಟ್ಟದ ಮೇಲೂ ಇದ್ದರು. ಅವರಿಗೆ ಮಾತ್ರ ಅತ್ತೆ ಬೋನಿಗೆ ತೆಂಗಿನಕಾಯಿ ಚೂರು ಸಿಕ್ಕಿಸಿ ಇಡುತ್ತಿದ್ದರು. ಒಮ್ಮೆ ತಂಬಾಕಿಗೂ ಕ್ಯಾನ್ಸರಿಗೂ ಇರುವ ನಂಟಿನ ಸುದ್ದಿ ಓದಿದೆ. ಅನ್ನ ಹಾಕುವ ಸೊಪ್ಪನ್ನು ಹೊಸ್ತಿಲೊಳಗೆ ಕೂತು ಬೈಯಬೇಡ ಎಂದು ಹೇಳಿ ಆ ದಿನ ನನಗೆ ಕಾಫಿ ಕೊಡಲಿಲ್ಲ.

ಅವರಿಗೆ ಮೆಚ್ಚುಗೆಯಾದದ್ದು ಒಂದೇ ಒಂದು ಸುದ್ದಿ, ಅದು ಕಲ್ಲಿನದು. ಕೋಟೆ ತಾಲ್ಲೂಕಿನ ಕಡೆ, ಸರಗೂರಿನ ಸುತ್ತಮುತ್ತ ಇರುವ ಬಂಡೆಗಳು ನಮ್ಮ ದೇಶದ ಅತಿ ಹಳೆಯ ಬಂಡೆಗಳ ಸಾಲಿಗೆ ಸೇರಿದವು, ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನವು ಎಂದು ಬರೆದಿದ್ದೆ. ಅತ್ತೆಯ ಮನೆದೇವರ ಕಲ್ಲನ್ನು ಅವರ ಗಂಡನ ಮುತ್ತಾತ ಕೋಟೆ ಕಡೆಯಿಂದಲೇ ಗಾಡಿಯಲ್ಲಿ ತಂದದ್ದು. ಹೊಲದ ಬದಿಯ ಪುಟ್ಟ ಗುಡಿಯಲ್ಲಿ ಕರ್ರಗೆ, ಕೈ ಸವರಿ ಸವರಿ ನುಣ್ಣಗೆ ಕೂತಿರುವ ಆ ದೇವಿಯನ್ನು ಮನೆಯವರೆಲ್ಲ ಅವ್ವ ಎನ್ನುತ್ತಾರೆ. ಸಂಜೆಯೊಳಗೆ ಅವ್ವನ ವಯಸ್ಸು ಊರಿಗೆಲ್ಲ ತಿಳಿಯಿತು. ಪಕ್ಕದ ಬೀದಿಯವರು ತಮ್ಮ ದೇವಿಯನ್ನು ಈಚೆಗಷ್ಟೇ ಮೈಸೂರಿನಲ್ಲಿ ಕಡೆಸಿ ತಂದಿದ್ದರು. ಪಾಪ, ಅವರು ಮುಖ ಗಂಟಿಕ್ಕಿಕೊಂಡು ಓಡಾಡಿದರು. ಅವರ ಕಲ್ಲಿಗೂ ಕೋಟಿಗಟ್ಟಲೆ ವಯಸ್ಸಾಗಿರುತ್ತದೆ ಎಂದು ನಾನು ಹೇಳಿದೆ. ಅದನ್ನು ಪತ್ರಿಕೆಯಲ್ಲಿ ಹಾಕಕೂಡದು ಎಂದರು ಅತ್ತೆ.

ಹೀಗೆ ನಗುತ್ತಾ ಬೈಸಿಕೊಳ್ಳುತ್ತಾ ನಡೆದಿತ್ತು. ಒಂದು ಭಾನುವಾರ, ಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿಗೆ ಬೆಂಕಿ ಹಾಕಿದ್ದರು. ಅತ್ತೆ ಜಗಲಿಯಲ್ಲಿ ಕೂತು ಮುಂದಿನ ಸರದಿಯ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ನಾನು ಕಬ್ಬಿಣದ ಸುದ್ದಿ ಓದಿದೆ: ಬಿರುಕು ಬಿಟ್ಟರೆ ತಾನಾಗಿಯೇ ಕೂಡಿಕೊಳ್ಳುವ ಒಂದು ಬಗೆಯ ಪ್ಲಾಸ್ಟಿಕ್ಕಿನ ಬಗ್ಗೆ. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು.

"ಅದು ತಾನೇ ಕೂಡ್ಕಳದಾದ್ರೆ, ಮೈಯೊಳ್ಗಿನ ಗಂಟು ತಾನೇ ಕರ್ಗಾಕಿಲ್ವಾ ಮಗ?" ಎಂದರು.

ಯಾರ ಮೈ ಎಂದು ಕೇಳಿದೆ. ಮಕ್ಕಳು ಬ್ಯಾರನ್ನಿನ ಹಿಂದಿದ್ದಾರೆಯೇ ಎಂದು ಕತ್ತು ಚಾಚಿ ನೋಡಿ, ಸೊಪ್ಪಿನ ಅಂಟು ಹತ್ತಿದ ಕೈಯಲ್ಲಿ ನನ್ನ ಕೈ ಹಿಡಿದು ಸೆರಗಿನೊಳಗೆ ಎಡ ಎದೆಯ ಮೇಲೆ ಇಟ್ಟರು. ಅವರೆಕಾಳಿಗಿಂತ ದೊಡ್ಡದು, ಒತ್ತಿದರೆ ಜರುಗದ್ದು, ನೋವಿಲ್ಲದ್ದು. ನೋವಿಲ್ಲದ ಗಂಟು ಎಂದು ನಾನು ಎಷ್ಟು ಸಲ ಬರೆದಿಲ್ಲ. ಆ ಹೊತ್ತಿನಲ್ಲಿ ಓದಿದ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ನನಗೆ ಹೆದರಿಕೆಯಾಯಿತು, ಅಷ್ಟೇ.

ನಾಳೆಯೇ ಮೈಸೂರಿಗೆ ಹೋಗೋಣ ಎಂದೆ. ಸೊಪ್ಪು ಮುಗಿಯಲಿ ಎಂದರು. ಸೊಪ್ಪಾದ ಮೇಲೆ ರಾಗಿ ಕೊಯ್ಲಿದೆ, ರಾಗಿಯಾದ ಮೇಲೆ ಕಿರಿ ಸೊಸೆಯ ಬಾಣಂತನವಿದೆ ಎಂದರು. ನಾನು ರೇಗಿದೆ. ಮಕ್ಕಳಿಗೆ ಹೇಳುತ್ತೇನೆಂದು ಹೆದರಿಸಿದೆ. ಆಗ ಅವರು, ವಾದ ಮುಗಿಸುವವರ ಹಾಗೆ, ಅವ್ವನನ್ನು ಹೂ ಕೇಳಿಸೋಣ ಎಂದರು. ಅವ್ವ ಬಲಗಡೆ ಕೊಟ್ಟರೆ ಹೊರಡುವುದು.

ಆ ಮನೆಯಲ್ಲಿ ಹೂ ಕೇಳದೆ ಒಂದು ಎಮ್ಮೆಯನ್ನೂ ಕೊಂಡವರಿಲ್ಲ. ಅವ್ವನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಕಣಗಲೆ ಹೂ ಅಂಟಿಸುತ್ತಾರೆ. ಕೇಳುವುದನ್ನು ಕೇಳಿ ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಎಡ ಕೊಟ್ಟರೆ ಮುಂದಿನ ಯುಗಾದಿವರೆಗೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ಯುಗಾದಿಗೆ ಇನ್ನೂ ತಿಂಗಳುಗಟ್ಟಲೆ ಇತ್ತು, ಆ ಗಂಟು ಪಂಚಾಂಗ ನೋಡಿಕೊಂಡು ಬೆಳೆಯುವುದಿಲ್ಲ.

ಹಾಗಾಗಿ ನಾನು ವಿಜ್ಞಾನದ ಮೊರೆ ಹೋದೆ.

ಹಿಂದಿನ ವಾರವೇ ನೀರು ನಿಲ್ಲದ ಮೇಲ್ಮೈಗಳ ಬಗ್ಗೆ ಕಬ್ಬಿಣದ ಸುದ್ದಿ ಮಾಡಿದ್ದೆ. ಕೆಸುವಿನ ಎಲೆಯ ಮೇಲೆ ನೀರು ಉರುಳುತ್ತದಲ್ಲ, ಆ ಜಾತಿಯ ಸಂಗತಿ. ಒದ್ದೆ ಹೂ ಕಲ್ಲಿಗೆ ಅಂಟುವುದು ನಡುವೆ ಇರುವ ತೆಳ್ಳನೆಯ ನೀರಿನಿಂದ. ಕಲ್ಲಿಗೆ ಎಣ್ಣೆ ಸವರಿದರೆ ನೀರಿನ ಹಿಡಿತ ಸಡಿಲವಾಗುತ್ತದೆ. ಲೋಕದ ವಿದ್ವಾಂಸರು ವಿಮಾನದ ರೆಕ್ಕೆಗೋ ಹಡಗಿನ ತಳಕ್ಕೋ ಎಂದು ಕಂಡುಕೊಂಡ ಜ್ಞಾನವನ್ನು ನಾನು ಮುನ್ನೂರು ಕೋಟಿ ವರ್ಷದ ಬಲಭುಜಕ್ಕೆ ಉಪಯೋಗಿಸಲು ತೀರ್ಮಾನಿಸಿದೆ. ವಸ್ತು ವಿಜ್ಞಾನ, ಭೂವಿಜ್ಞಾನ, ಕ್ಯಾನ್ಸರ್ ಮೂರನ್ನೂ ಒಂದೇ ಕಡೆ ಸೇರಿಸಿದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ.

ಆ ಸಂಜೆ ನಾನೇ ಗುಡಿ ತೊಳೆಯುತ್ತೇನೆಂದು ಎದ್ದೆ. ಆ ಗುಡಿಯಲ್ಲಿ ನಾನು ಪೊರಕೆ ಹಿಡಿದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗುಡಿಸಿ, ಸಾರಿಸಿ, ಸೀರೆಯ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದ ಹರಳೆಣ್ಣೆಯ ಪುಟ್ಟ ಡಬ್ಬಿ ತೆಗೆದು, ಒಂದು ಬೆರಳಷ್ಟು ಎಣ್ಣೆಯನ್ನು ಅವ್ವನ ಬಲಭುಜಕ್ಕೆ ತೆಳ್ಳಗೆ ಸವರಿದೆ. ಅವ್ವ ಎಂದಿನಂತೆ ಎದುರಿನ ಹೊಲ ನೋಡುತ್ತಿದ್ದಳು. ತಾಯಿ, ನಿನಗೇ ಬಿಟ್ಟದ್ದು, ಆದರೆ ಸ್ವಲ್ಪ ಸುಲಭ ಮಾಡಿಟ್ಟಿದ್ದೇನೆ ಎಂದೆ.

ಬೆಳಗ್ಗೆ ಅತ್ತೆ ಸ್ನಾನ ಮಾಡಿ, ರಂಗೋಲಿ ಹಾಕಿ ಬರುತ್ತೇನೆಂದು ಎಲ್ಲರಿಗಿಂತ ಮೊದಲು ಗುಡಿಗೆ ಹೋದರು. ಆಮೇಲೆ ನಾವು ಹೋದೆವು: ಇಬ್ಬರು ಗಂಡುಮಕ್ಕಳು, ನಾನು, ಪೂಜೆ ಮಾಡುವ ಅತ್ತೆಯ ಮೈದುನ. ಅವರನ್ನು ನಾನು ಮಾವ ಎನ್ನುತ್ತೇನೆ. ದೇವರ ಕೆಲಸದಲ್ಲಿ ನಗುವುದಿರಲಿ, ಸೀನುವುದಕ್ಕೂ ಹಿಂದೆಮುಂದೆ ನೋಡುವ ಮನುಷ್ಯ. ವಿಷಯ ಏನೆಂದು ಅತ್ತೆ ಅವರಿಗೆ ಹೇಳಿರಲಿಲ್ಲ. ಮೈಸೂರಿಗೆ ಒಂದು ಪ್ರಯಾಣವಿದೆ, ಹೋಗಲೋ ಬೇಡವೋ ಎಂದಷ್ಟೇ ಹೇಳಿದ್ದರು.

ಮಾವ ಎಡಭುಜಕ್ಕೆ ಹೂ ಅಂಟಿಸಿದರು. ನಿಂತಿತು. ಬಲಭುಜಕ್ಕೆ ಅಂಟಿಸಿದರು. ಬಿತ್ತು. ಇನ್ನೂ ಕೇಳಿಯೇ ಇರಲಿಲ್ಲ. ಬೇರೆ ಹೂ ತೆಗೆದುಕೊಂಡು, ಚೆನ್ನಾಗಿ ಅದ್ದಿ, ಒತ್ತಿ ಅಂಟಿಸಿದರು. ಬಿತ್ತು. ಮೂರನೆಯದು ಅವರ ಬೆರಳು ಬಿಡುವ ಮೊದಲೇ ಜಾರಿತು. ನನ್ನ ಲೆಕ್ಕದಲ್ಲಿ ಆ ಒಂದು ಬೆರಳು ಎಣ್ಣೆಗೆ ಇಷ್ಟೊಂದು ಶಕ್ತಿ ಇರಬಾರದಿತ್ತು. ಮಾವನ ಮುಖ ಬಿಳಿಚಿಕೊಂಡಿತು. ಹೂ ನಿಲ್ಲದೆ ಹೋದರೆ ಅದಕ್ಕೆ ಇನ್ನೊಂದು ಅರ್ಥವೂ ಇದೆಯೆಂದು ನನಗೆ ಆಗ ಹೊಳೆಯಿತು.

"ಅವ್ವ ಮುನಿಸ್ಕಂಡವ್ಳೆ ಅತ್ಗೆ," ಎಂದರು ಮಾವ. "ಊವ ಮುಟ್ಟಾಕೇ ಬುಡ್ತಿಲ್ಲ. ಈಗ ಕೇಳಾದು ಬ್ಯಾಡ."

ಬುದ್ಧಿವಂತಿಕೆ ಹೆಚ್ಚಾಗಿ ಅತ್ತೆಯನ್ನು ನಾನೇ ಯುಗಾದಿವರೆಗೆ ಕಟ್ಟಿಹಾಕಿದೆನಲ್ಲ ಎಂದು ಅಳು ಬಂತು. ಬಾಯಿ ತೆರೆದರೆ ಎಣ್ಣೆಯ ವಿಷಯ ಹೇಳಬೇಕು, ಹೇಳಿದರೆ ಮಾವ ಶುದ್ಧಿ, ಹೋಮ ಎಂದು ಇನ್ನೊಂದು ತಿಂಗಳು ಎಳೆಯುತ್ತಾರೆ.

ಅತ್ತೆ ಮಾತ್ರ ಅಲುಗಲಿಲ್ಲ. ಬಿದ್ದ ಮೂರು ಹೂವನ್ನೂ ಬಗ್ಗಿ ಎತ್ತಿಕೊಂಡು ಕಣ್ಣಿಗೊತ್ತಿ ಸೆರಗಿಗೆ ಕಟ್ಟಿಕೊಂಡರು.

"ಮುನಿಸಲ್ಲ ಕಣಪ್ಪ, ಆತ್ರ," ಎಂದರು. "ಕೇಳೋ ಗಂಟನೂ ತಡೀನಿಲ್ಲ ಅವ್ಳು. ಒಂಟೋಗು ಅಂತವ್ಳೆ."

ಮಾವ ಯೋಚಿಸಿದರು. ಬಿದ್ದದ್ದು ಬಲಗಡೆಯದೇ, ಮೂರು ಸಲವೂ ಬಲಗಡೆಯದೇ. ತಲೆಯಾಡಿಸಿ ಕೈಮುಗಿದರು. ನಾವು ಕೇಳುವ ಮೊದಲೇ ಅವ್ವ ಕೊಟ್ಟಳು ಎಂಬ ಮಾತು ಇಂದಿಗೂ ಆ ಊರಿನಲ್ಲಿದೆ, ಪಕ್ಕದ ಬೀದಿಯವರ ಹೊಟ್ಟೆಯಲ್ಲಿ ಇಂದಿಗೂ ಉರಿಯಿದೆ. ಆ ದಿನವೇ ಹೊರಟೆವು.

ಮೈಸೂರಿನಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ನಾವು ಹೆದರಿದ್ದೇ ಆಗಿತ್ತು. ಆದರೆ ಹೊತ್ತಿಗೆ ಸರಿಯಾಗಿ ಬಂದಿದ್ದೀರಿ, ಮುಂದಿನ ವರ್ಷ ಬಂದಿದ್ದರೆ ಬೇರೆ ಮಾತು ಆಡಬೇಕಾಗುತ್ತಿತ್ತು ಎಂದರು ಡಾಕ್ಟರಮ್ಮ. ನಾನು ಹೊರಗೆ ಬಂದು ಗೋಡೆಗೆ ಒರಗಿ ಅತ್ತುಬಿಟ್ಟೆ. ಒಳಗಿದ್ದ ಅತ್ತೆ ಅಳಲಿಲ್ಲ. ಆಪರೇಷನ್ ಆಯಿತು. ನರಕ್ಕೆ ಕೊಡುವ ಔಷಧಿ ಶುರುವಾಗುವ ದಿನ ಅವರು ಡಾಕ್ಟರಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಇಲಿಗೆ ಕೊಟ್ಟು ನೋಡಿದ್ದೀರಾ? ಎಷ್ಟೋ ವರ್ಷದ ಹಿಂದೆಯೇ ನೋಡಿ ಆಗಿದೆಯಂತೆ ಎಂದು ಆಕೆ ನಕ್ಕಾಗ, ಹಾಗಾದರೆ ಕೊಡಿ ಎಂದು ಕೈ ಚಾಚಿದರು.

ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು, ಗದರಿಕೆ ಹೋಗಲಿಲ್ಲ. ಊರಿಗೆ ಬಂದವರೇ ಅಟ್ಟದ ಮೇಲಿನ ಬೋನನ್ನು ತೆಗೆಸಿಬಿಟ್ಟರು. ತಮಗಿಂತ ಮೊದಲು ಆ ಔಷಧಿ ತೆಗೆದುಕೊಂಡವರಿಗೆ ದ್ರೋಹ ಮಾಡಬಾರದಂತೆ. ಸುದ್ದಿ ಇಲಿಗಳ ವಲಯದಲ್ಲಿ ಹಬ್ಬಿರಬೇಕು. ನೆಂಟರಿಷ್ಟರ ಸಮೇತ ಬಂದು ಒಂದು ಮೂಟೆ ರಾಗಿ ಮುಗಿಸಿದವು. ಸೊಸೆಯರು ಅತ್ತರು. ಔಷಧಿಯ ಸುತ್ತುಗಳು ಮುಗಿದು, ಡಾಕ್ಟರಮ್ಮ ಇನ್ನು ಆರಾರು ತಿಂಗಳಿಗೆ ಬಂದರೆ ಸಾಕು ಎಂದ ಮರುದಿನ ಅತ್ತೆ ಋಣ ತೀರಿತೆಂದು ಸಾರಿ, ಎರಡು ಬೆಕ್ಕು ತಂದರು.

ಈ ವರ್ಷ ಬೋರ್‌ವೆಲ್ ಕೊರೆಸುವ ಮಾತು ಬಂತು. ಮತ್ತೆ ಹೂ ಕೇಳಬೇಕು. ಹಿಂದಿನ ದಿನ ಅತ್ತೆ ನನ್ನನ್ನು ಗುಡಿಗೆ ಕರೆದುಕೊಂಡು ಹೋಗಿ, ಕೈಗೆ ಸೀಗೆಪುಡಿ ಕೊಟ್ಟು, ಅವ್ವನನ್ನು ಉಜ್ಜು ಎಂದರು. ಆಪರೇಷನ್ ಆದಾಗಿನಿಂದ ಅವರ ಎಡಗೈ ಮೇಲೇಳುವುದಿಲ್ಲ.

"ಬಲಗಡೆ ಸೆಂದಾಗುಜ್ಜು," ಎಂದರು. "ಇಬ್ರು ಬಳ್ದಿರೋ ಎಣ್ಣೆ ಅದು."

ನನ್ನ ಕೈ ಅಲ್ಲೇ ನಿಂತಿತು. ನಾನು ಗುಡಿ ತೊಳೆದು ಬಂದಾಗ ನನ್ನ ಬೆರಳಲ್ಲಿ ಹರಳೆಣ್ಣೆಯ ವಾಸನೆ ಇತ್ತಂತೆ. ಆದರೂ ನಂಬಿಕೆ ಸಾಲದೆ, ಬೆಳಗ್ಗೆ ರಂಗೋಲಿ ಹಾಕಲು ಹೋದವರು ದೀಪದ ಎಣ್ಣೆಯಲ್ಲಿ ಅಂಗೈ ಅದ್ದಿ ಅದೇ ಭುಜಕ್ಕೆ ಇನ್ನೊಮ್ಮೆ ಬಳಿದಿದ್ದರಂತೆ. ಹೋಗಬೇಕೆಂದಿದ್ದರೆ ಹೂ ಕೇಳುವ ನಾಟಕವಾದರೂ ಯಾಕೆ ಎಂದು ನಾನು ಸಿಟ್ಟಿನಿಂದಲೇ ಕೇಳಿದೆ.

ಅತ್ತೆ ಮೆಟ್ಟಿಲ ಮೇಲೆ ಕೂತರು.

"ಬಾವಿಗೆ ಕೇಳೀವ್ನಿ, ಮಕ್ಕಳ ಮದ್ವೆಗೆ ಕೇಳೀವ್ನಿ, ಎಮ್ಮೆಗೂ ಕೇಳೀವ್ನಿ. ನನ್ಗೋಸ್ಕರ ಒಂದ್ಸಲಾನೂ ಕೇಳಿರ್ನಿಲ್ಲ ಮಗ. ಕೇಳ್ಬೇಕು ಅನ್ನುಸ್ತು. ಕೇಳೋಕೋದ್ರೆ ದಿಗ್ಲಾಯ್ತು, ಎಡ ಕೊಟ್ಬುಟ್ರೆ ಏನ್ ಮಾಡ್ಲಿ ಅಂತ. ನಂಗಿನ್ನೂ ಬದುಕ್ಬೇಕಿತ್ತು."

ಅವ್ವನಿಗೆ ಮೋಸ ಮಾಡಿದಂತಾಗಲಿಲ್ಲವೇ ಎಂದೆ. ಮುನ್ನೂರು ಕೋಟಿ ವರ್ಷದವಳಿಗೆ ಎಣ್ಣೆಯ ವಾಸನೆ ತಿಳಿಯದೆ ಇರುತ್ತದೆಯೇ, ತಿಳಿದೇ ಸುಮ್ಮನಿದ್ದಳು ಎಂದರು. ನಾನು ಮತ್ತೆ ಉಜ್ಜತೊಡಗಿದೆ. ನೊರೆ ಕಪ್ಪಗೆ ಇಳಿಯಿತು, ಕಲ್ಲು ಜಿಡ್ಡಿಲ್ಲದೆ ಕೈಗೆ ಸಿಕ್ಕಿತು.

ಮರುದಿನ ಮಾವ ಹೂ ಅಂಟಿಸಿದರು. ಎರಡೂ ಗಟ್ಟಿಯಾಗಿ ನಿಂತವು. ಬೋರ್‌ವೆಲ್ ಕೊರೆಸಲೇ ಎಂದು ಕೇಳಿ ಕಾದೆವು. ಬಹಳ ಹೊತ್ತಿನ ಮೇಲೆ ಒಂದು ಹೂ ಬಿತ್ತು, ಎಡಗಡೆಯದು. ಮಕ್ಕಳು ಗೊಣಗಿದರು. ಅತ್ತೆ ಆ ಹೂವನ್ನೇ ನೋಡುತ್ತಾ, ಯಾರಿಗೂ ಕಾಣದ ಹಾಗೆ ನನ್ನ ಕೈ ಹಿಡಿದುಕೊಂಡರು. ಗುಡಿಯಿಂದ ಹೊರಗೆ ಬರುವವರೆಗೂ ಬಿಡಲಿಲ್ಲ.