ಸರೋಜಕ್ಕನ ಹೆಬ್ಬೆರಳು

ರೈಲು ಬಂದರೆ ಸರೋಜಕ್ಕ ಎರಡೂ ಕೈ ಮೇಲೆತ್ತಿ ಕೂರುತ್ತಿದ್ದರು. ಬಂಗಾರಪೇಟೆಯಲ್ಲಿ ರೈಲು ಹಳಿಗೆ ಬೆನ್ನು ಮಾಡಿದ ಸಾಲಿನಲ್ಲಿ ಅವರ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಮಾರಿಕುಪ್ಪಂ ಕಡೆಯಿಂದ ಗಾಡಿ ಬಂದರೆ ಮೇಜು ಸಣ್ಣಗೆ ನಡುಗುತ್ತಿತ್ತು. ಅಕ್ಕ ಬಿಸಿಗಾಳಿಯ ಗನ್ನು, ಚಿಮಟ ಎಲ್ಲ ಕೆಳಗಿಟ್ಟು, ಪೊಲೀಸರ ಎದುರು ನಿಂತವರ ಹಾಗೆ ಕೈ ಎತ್ತಿ, ಕೊನೆಯ ಬೋಗಿ ದಾಟುವವರೆಗೂ ಉಸಿರು ಬಿಗಿಹಿಡಿಯುವರು. ಹೊಸ ಗಿರಾಕಿಗಳು ನಗುತ್ತಿದ್ದರು. ನಾನೂ ನಕ್ಕಿದ್ದೆ.

"ನಗು, ನಗು. ಈ ಚಿಪ್ಪಿನ ಕೆಳ್ಗೆ ಸಾಸಿವೆಗಿಂತ ಸಣ್ಣ ಸೀಸದ ಗುಂಡು ಅವೆ ಕಣಪ್ಪ. ಕರಗಿರೋವಾಗ ಒಂದು ಅಲ್ಲಾಡಿದ್ರೂ ಮುಗೀತು."

ಅವರ ಭಯ ಚಿಪ್ಪಿಗಿಂತ ಹಳೆಯದು. ಹುಟ್ಟಿ ಬೆಳೆದದ್ದು ಉರಿಗಾಂನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಯಲ್ಲಿ; ಅಪ್ಪ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಉರುಳುತ್ತಿದ್ದವಂತೆ. "ನೆಲ ಅದುರ್ತಿದ್ದಂಗೆ ನಮ್ಮವ್ವ ಮಾಡೋ ಕೆಲ್ಸ ಬಿಟ್ಟು ನಿಂತ್ಕಂಬುಡೋಳು. ನಾವೂ ನಿಂತ್ಕಂತಿದ್ವಿ. ಅಪ್ಪ ಮೇಲಕ್ ಬರೋವರ್ಗೂ ಮನೇಲಿ ಯಾರೂ ಅನ್ನ ಮುಟ್ತಿರ್ಲಿಲ್ಲ."

ಈಗಿನ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನೂ ಸ್ಟೋರೇಜನ್ನೂ ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ. ಹೆಚ್ಚಿಸಬೇಕೆಂದರೆ ಹಳೆಯ ಚಿಪ್ಪನ್ನು ಕಾಯಿಸಿ ಎತ್ತಿ, ಅದೇ ಜಾಗಕ್ಕೆ ದೊಡ್ಡದನ್ನು ಕೂರಿಸಬೇಕು. ಬೇರೆ ಅಂಗಡಿಯವರು ಹೊಸದು ಕೊಂಡುಕೊಳ್ಳಿ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಬೋರ್ಡುಗಳ ಸಾಲಿನಲ್ಲಿ ದುಡಿದುಬಂದ ಅಕ್ಕ ಮಾಡಿಕೊಡುತ್ತಿದ್ದರು. ಆದರೆ ಮೊದಲು ಗಿರಾಕಿಯನ್ನು ಎದುರು ಕೂರಿಸಿಕೊಂಡು, "ಒಳ್ಗೆ ಏನೈತೆ, ಬಾಯ್ಬಿಟ್ಟು ಏಳು" ಅನ್ನುವರು. ಹೇಳಿದ ಮೇಲೆ, "ಇನ್ನೊಂದ್ ಕಡೆ ಐತಾ? ಓಡ್ಸಿ ತೋರ್ಸು." ತೋರಿಸದಿದ್ದರೆ ಗನ್ನಿನ ಸ್ವಿಚ್ಚು ಹಾಕುತ್ತಿರಲಿಲ್ಲ.

ನಾನು ಮದುವೆಗಳ ವಿಡಿಯೋ ತೆಗೆಯುವವನು. ಆ ಸಲ ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಪಕ್ಕದ ಹಳ್ಳಿಯ ಮಂಜುಳಾಳ ಮದುವೆ. ಧಾರೆಯಾದ ವಾರದಲ್ಲೇ ಅವಳ ಅಪ್ಪ ಹೊಲದಲ್ಲಿ ಕುಸಿದು ತೀರಿಕೊಂಡಿದ್ದರು. ಅವರು ನಡೆದಾಡುವ, ಮಾತಾಡುವ ಚಿತ್ರ ಇದ್ದದ್ದು ಅದೊಂದೇ. ಕ್ಯಾಮೆರಾದ ಕಾರ್ಡುಗಳನ್ನು ಮುಂದಿನ ಮದುವೆಗಾಗಿ ಅಳಿಸಿಯಾಗಿತ್ತು. "ಅಣ್ಣ, ಆಯ್ತಾ?" ಎಂದು ಹುಡುಗಿ ದಿನಾ ಫೋನ್ ಮಾಡುತ್ತಿದ್ದಳು. ಲ್ಯಾಪ್‌ಟಾಪೋ ಮೆಮೊರಿ ಸಾಲದೆ ಹೆಜ್ಜೆಗೊಮ್ಮೆ ನಿಂತುಬಿಡುತ್ತಿತ್ತು.

ಎಡಿಟಿಂಗ್ ಫೈಲನ್ನು ಹೊರಗಿನ ಡಿಸ್ಕಿಗೆ ಹಾಕಿಕೊಂಡು ಹೋದೆ. ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಓಡಿಸಿ ತೋರಿಸಿದೆ. ಓಲಗ ಕೇಳಿಸಿತು, ಧಾರೆ ಕಾಣಿಸಿತು. ಅಕ್ಕ ಸಮಾಧಾನವಾಗಿ ಮೆಮೊರಿಯ ಚಿಪ್ಪುಗಳನ್ನು ಬದಲಿಸಿದರು. ಗುಂಡಿ ಒತ್ತಿದರೆ ಪರದೆ ಬೆಳಗಲಿಲ್ಲ. ಮತ್ತೆ ಒತ್ತಿದರು. ಕಪ್ಪು.

"ಇರ್ಲಿ, ಡಿಸ್ಕಲ್ಲಿ ಐತಲ್ಲ" ಎನ್ನುತ್ತ ಅದನ್ನು ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ಓಲಗವಿಲ್ಲ, ಧಾರೆಯಿಲ್ಲ, ಚಿತ್ರ ಸಿಗುತ್ತಿಲ್ಲವೆಂಬ ಕೆಂಪು ಪಟ್ಟಿ ಮಾತ್ರ. ಯಾವ ತುಣುಕಿನ ಹಿಂದೆ ಯಾವುದು ಎಂಬ ಜೋಡಣೆಯಷ್ಟೇ ಡಿಸ್ಕಿಗೆ ಬಂದಿತ್ತು. ಚಿತ್ರಗಳೆಲ್ಲ ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಉಳಿದಿದ್ದವು. ಡಿಸ್ಕನ್ನು ಅದೇ ಲ್ಯಾಪ್‌ಟಾಪಿಗೆ ಚುಚ್ಚಿ ಓಡಿಸಿದ್ದರಿಂದ ಓಡಿತ್ತು, ಇಬ್ಬರೂ ನಂಬಿದ್ದೆವು.

"ಅಕ್ಕಾ, ಸ್ಟೋರೇಜ್ ಚಿಪ್ಪು ಕಿತ್ತು ಬೇರೆ ಕಡೆ ಓದ್ಸೋಕಾಗಲ್ವಾ?"

"ಈ ಬೋರ್ಡಿಗೇ ಬೀಗ ಆಕ್ಕಂಡೈತೆ ಕಣಪ್ಪ. ಬೋರ್ಡು ಸತ್ರೆ ಅದ್ರೊಳ್ಗಿರೋದೂ ಸತ್ತಂಗೆ."

"ಇನ್ನೊಂದ್ಸಲ ಬಿಸಿ ತೋರ್ಸಿ..."

"ಆಗ್ಲೇ ಬೋರ್ಡು ಸೊಟ್ಟಾಗೈತೆ. ನಂಗೆ ಭಯ ಆಯ್ತದೆ. ಆ ಮಗೂಗೆ ಏನಂತ ಏಳೋದು?"

ಬಿಟ್ಟುಕೊಂಡ ಗುಂಡುಗಳು ಬೋರ್ಡಿಗೆ ತಾಗಲೆಂದು ಅಕ್ಕ ಒಂದು ಚಿಪ್ಪಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಗುಂಡಿ ಅದುಮಿದರು. ಪರದೆ ಬೆಳಗಿತು. ನಾನು ಕೂಗಿಯೇಬಿಟ್ಟೆ.

"ಕೂಗ್ಬೇಡ! ಬೆಳ್ಳು ಸಡ್ಲಾದ್ರೆ ಓಯ್ತು. ಬೇಗ ಕಾಪಿ ಆಕು, ಪೂರಾ ಆಕು."

ಹಸಿರು ಗೆರೆ ಇಂಚಿಂಚೇ ಸರಿಯತೊಡಗಿತು. ಚಿಪ್ಪು ಕಾಯುತ್ತ ಬಂತು. ಅಕ್ಕನ ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು. ಬಟ್ಟೆ ಇಟ್ಟುಕೊಳ್ಳಿ ಎಂದೆ. "ಬಟ್ಟೆ ಇಟ್ರೆ ಎಷ್ಟು ಒತ್ತಿದೀನಿ ಅಂತ ಗೊತ್ತಾಗಲ್ಲ" ಎಂದರು.

ಆಗ ಮಾರಿಕುಪ್ಪಂ ಕಡೆಯಿಂದ ಗಾಡಿಯ ಸದ್ದು. ಮೇಜಿನ ಮೇಲಿನ ಸ್ಕ್ರೂಗಳು ಡಬ್ಬಿಯೊಳಗೆ ಕುಲುಕಾಡಿದವು. ಅಕ್ಕನ ಎಡಗೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ನಿಂತಿತು. ಬಲಗೈ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿ, "ಅಪ್ಪಾ, ಅಪ್ಪಾ" ಎನ್ನುತ್ತಿದ್ದರು. ಅಷ್ಟು ಹೆದರಿದ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಗಾಡಿ ದಾಟಿತು, ಗೆರೆ ನಿಲ್ಲಲಿಲ್ಲ.

ಕೊನೆಗೆ, "ಆಯ್ತಕ್ಕಾ, ಕೈ ತೆಗೀರಿ" ಎಂದೆ.

"ತೆಗ್ಯಲ್ಲ. ನನ್ ಕಂಪ್ಯೂಟರ್‌ನಾಗೆ ಓಡ್ಸು ಮೊದ್ಲು."

ಓಡಿಸಿದೆ. ಮಂಜುಳಾಳ ಅಪ್ಪ ಹೆಗಲ ಟವೆಲ್ಲು ಸರಿಮಾಡಿಕೊಳ್ಳುತ್ತ ಚಪ್ಪರದೊಳಕ್ಕೆ ಬಂದು, "ಮಗಾ, ಊಟ ಮಾಡ್ದಾ?" ಎಂದರು. ಅಕ್ಕ ಆಗ ಬೆರಳೆತ್ತಿದರು. ನನ್ನ ಲ್ಯಾಪ್‌ಟಾಪು ಕಪ್ಪಾಯಿತು, ಮತ್ತೆ ಬೆಳಗಲೇ ಇಲ್ಲ. ಬೊಬ್ಬೆ ಬಂದ ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಆ ಮನುಷ್ಯ ಊಟದ ಪಂಕ್ತಿಯಲ್ಲಿ ಓಡಾಡುವುದನ್ನೆಲ್ಲ ಕೂತು ನೋಡಿದರು.

ಅದಾದ ಮೇಲೆ ಅಕ್ಕ ಚಿಪ್ಪು ಎತ್ತುವ ಕೆಲಸ ಒಪ್ಪಿಕೊಳ್ಳಲಿಲ್ಲ. ಕಳೆದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವರು ಹಿಂತಿರುಗಲಿಲ್ಲ. ತಿಥಿಯ ದಿನ ಗೋಡೆಗೆ ಹಾಕಿದ್ದು ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಚಿತ್ರ. ಅದರಲ್ಲಿದ್ದ ಬಿಗಿ ಮುಖದ ಹೆಂಗಸು ಯಾರೋ ನನಗೆ ಗೊತ್ತಾಗಲಿಲ್ಲ. "ಅಣ್ಣ, ನಿಮ್ಹತ್ರ ಅವ್ವಂದು ಒಂದು ವಿಡಿಯೋನಾದ್ರೂ ಐತಾ?" ಎಂದು ಅವರ ಮಗಳು ಕೇಳಿದಳು. ಬಂಗಾರಪೇಟೆಯ ಎಷ್ಟು ಮದುವೆಗಳನ್ನು ಹಿಡಿದಿಟ್ಟವನು ನಾನು! ಇಲ್ಲಮ್ಮ ಎಂದೆ. ಅಕ್ಕನ ಮಾತು ಇನ್ನೂ ಕಿವಿಯಲ್ಲಿದೆ. ಮುಖ ಮಾತ್ರ ಆಗಲೇ ಮಸುಕಾಗುತ್ತಿದೆ, ಭಯವಾಗುತ್ತದೆ.