ತಾಲೀಮಿನ ಹೊರಗಿನ ಕಟ್ಟೆ

ಮಿರಜದ ಡಾಕ್ಟರು ನನ್ನ ಎಡಗೈಯನ್ನು ಮೂರು ಸಲ ಎತ್ತಿಸಿ ನೋಡಿದರು. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ನನ್ನ ಬಲಗಾಲು ಹೋಯಿತು. ಅದಕ್ಕೆ ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಕ್ಯಾಲಿಪರ್, ಕ್ಯಾಲಿಪರಿನ ಬುಡಕ್ಕೆ ಬಿಗಿದ ಬೂಟು, ಎಡಗಂಕುಳಲ್ಲಿ ಊರುಗೋಲು. ಇಷ್ಟು ವರ್ಷ ಕಾಲಿನ ಕೆಲಸವನ್ನೂ ಮಾಡಿದ ಎಡ ಭುಜ ಈಗ ಸೋಲತೊಡಗಿತ್ತು. ಡಾಕ್ಟರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದ್ದಿಷ್ಟು: ಭಾರ ಎಳೆಯುವ ಕಸರತ್ತನ್ನು ದಿನವೂ ಸರಿಯಾಗಿ ಮಾಡಿದರೆ ನಡೆದಾಡಿಕೊಂಡಿರಬಹುದು, ಬಿಟ್ಟರೆ ವರ್ಷದೊಳಗೆ ಗಾಲಿಕುರ್ಚಿ.

ಕಸರತ್ತಿಗೆ ಹೆದರುವವನಲ್ಲ ನಾನು. ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ. ಅಣ್ಣತಮ್ಮಂದಿರು ಮಗ್ಗಕ್ಕೆ ಕೂತರೆ, ಕಾಲು ಬೇಡದ ಕೆಲಸವೆಂದು ಕಂಡಿಕೆಗೆ ನೂಲು ಸುತ್ತುವ ರಾಟೆ ನನ್ನ ಪಾಲಿಗೆ ಬಂತು. ರಾಟೆ ತಿರುಗಿಸಿ ತಿರುಗಿಸಿ ತೋಳು ಎಷ್ಟು ಗಟ್ಟಿಯಾಯಿತೆಂದರೆ, ಶಾಲೆಯಲ್ಲಿ ನನ್ನ ಜೊತೆ ಪಂಜಾ ಹಿಡಿಯಲು ಹುಡುಗರು ಹಿಂಜರಿಯುತ್ತಿದ್ದರು. ಆ ಸೊಕ್ಕು ಇನ್ನೂ ಸ್ವಲ್ಪ ಉಳಿದಿದೆ. ಹೀಗಾಗಿ, ನಾನು ಗಣಿತ ಕಲಿಸುವ ಜಮಖಂಡಿಗೆ ಮರಳಿದ ಮರುದಿನವೇ ಜಿಮ್ ಹುಡುಕಿಕೊಂಡು ಹೊರಟೆ.

ಜಿಮ್ ಇದ್ದದ್ದು ಬಟ್ಟೆ ಅಂಗಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಮೆಟ್ಟಿಲಿಗೆ ಬೆನ್ನು ಮಾಡಿ ಕುಳಿತು, ಕೈ ಊರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರಿದೆ. ಮೇಲೆ ಮುಟ್ಟುವಷ್ಟರಲ್ಲಿ ಆ ದಿನದ್ದಿರಲಿ, ಆ ವಾರದ ಕಸರತ್ತೇ ಮುಗಿದಿತ್ತು. ಮಾಲೀಕ ಒಳ್ಳೆಯವನು, ನೀರು ಕೊಟ್ಟ.

"ಯಾಕ್ರಿ ಸರ್ ಇಷ್ಟ ತ್ರಾಸ ತಗೊಂಡ್ರಿ? ಮನ್ಯಾಗ ಆರಾಮ ಕುಂಡ್ರೂದು ಬಿಟ್ಟು," ಎಂದ.

ಇಳಿಯುವಾಗ ಭುಜ ಕಟಕ್ಕೆಂದಿತು. ಮತ್ತೆ ಹೋಗಲಿಲ್ಲ.

ಉಳಿದದ್ದು ತಾಲೀಮು, ಅಂದರೆ ನಮ್ಮ ಊರಿನ ಗರಡಿಮನೆ. ಅದಕ್ಕೆ ಮೆಟ್ಟಿಲಿಲ್ಲ, ಹೊಸ್ತಿಲೂ ತಗ್ಗು. ಕುಸ್ತಿಯ ಕೆಂಪು ಮಣ್ಣಿನ ಆಚೆ, ಗೋಡೆಯ ಪಕ್ಕದಲ್ಲಿ, ತೊಲೆಯಿಂದ ಒಂದು ಹಗ್ಗ ಇಳಿಬಿಟ್ಟಿದ್ದರು. ಮಣ್ಣು ತುಳಿಯದೆ ಬದಿಯಿಂದ ಹೋಗಿ ಅದನ್ನು ಜಗ್ಗಿದರೆ ನನಗೆ ಸಾಕಿತ್ತು. ಆದರೆ ಒಳಗೆ ಹನುಮಪ್ಪ ದೇವರಿದ್ದಾನೆ; ಕಾಲಲ್ಲಿ ಏನೂ ಇರಕೂಡದು. ಬೂಟು ಬಿಚ್ಚಬೇಕೆಂದರೆ ಕ್ಯಾಲಿಪರ್ ಬಿಚ್ಚಬೇಕು, ಕ್ಯಾಲಿಪರ್ ಬಿಚ್ಚಿದರೆ ನಾನು ನೆಲದ ಮೇಲೆ.

ಅಡ್ಡಿ ಇರುವುದು ಚರ್ಮಕ್ಕೆ ಎಂದು ನಾನೇ ತೀರ್ಮಾನಿಸಿಕೊಂಡೆ. ಗಣಿತದ ಮಾಸ್ತರನ ಬುದ್ಧಿ, ಎಲ್ಲದಕ್ಕೂ ಉತ್ತರ ಇದೆಯೆಂದು ನಂಬುತ್ತದೆ. ಬಸ್ ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವನ ಬೆನ್ನು ಬಿದ್ದು, ಒಂದು ಚೂರೂ ಚರ್ಮವಿಲ್ಲದ ಕ್ಯಾನ್ವಾಸಿನ ಬೂಟು ಹೊಲಿಸಿ, ಮನೆಯಲ್ಲಿ ಬಿದ್ದಿದ್ದ ಇನ್ನೊಂದು ಹಳೆಯ ಕ್ಯಾಲಿಪರಿಗೆ ಕೂರಿಸಿದೆ. ಬೀದಿಯ ಧೂಳು ತಾಕದಂತೆ ಚೀಲದಲ್ಲಿ ಒಯ್ದು, ತಾಲೀಮಿನ ಬಾಗಿಲಲ್ಲಿ ಕುಳಿತು ಬದಲಾಯಿಸಿಕೊಂಡೆ. ಹುಡುಗರಿಗೆ ಕುಸ್ತಿ ಕಲಿಸುವ ವಸ್ತಾದರು, ಎಂಬತ್ತರ ಹತ್ತಿರದ ಮುದುಕರು, ಬಗ್ಗಿ ಬೂಟನ್ನು ಕೈಯಿಂದ ಸವರಿ ನೋಡಿದರು.

"ಚರ್ಮ ಇಲ್ಲ, ಖರೆ ಮಾಸ್ತರ. ಆದ್ರ ಕಾಲಾಗ ಹಾಕ್ಕೊಳ್ಳೂದು ಕಾಲ್ಮರಿನ ಅಲ್ಲೇನ್ರಿ?"

"ಇದು ಕಾಲ್ಮರಿ ಅಲ್ರಿ ವಸ್ತಾದರ. ಇದು ನನ್ನ ಕಾಲು."

ಅವರು ಬೂಟಿನಿಂದ ಕೈ ತೆಗೆದು ನೆಟ್ಟಗೆ ನಿಂತರು. ಆಮೇಲೆ, "ನನಗ ತಿಳೀತೈತ್ರಿ. ಇವತ್ತ ನಿಮ್ಮನ್ನ ಒಳಗ ಬಿಟ್ರ ನಾಳೆ ಉಳಿದವ್ರಿಗೆ ಏನ್ ಹೇಳ್ಲಿ? ಹೊರಗ ಕಟ್ಟಿ ಐತಿ. ಅಲ್ಲೇ ಕುಂತು ಮಾಡ್ರಿ, ಹಗ್ಗ, ಗುಂಡು ಎಲ್ಲಾ ನಾ ಕೊಡ್ತೀನಿ," ಎಂದರು.

ಬೈದು ಕಳಿಸಿದ್ದರೆ ಜಗಳವಾದರೂ ಆಡುತ್ತಿದ್ದೆ. ಅಷ್ಟು ಪ್ರೀತಿಯಿಂದ ಇಲ್ಲ ಎಂದಾಗ ಕ್ಯಾನ್ವಾಸಿನ ಬೂಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಎರಡು ತಿಂಗಳು ಆ ಕಟ್ಟೆಯ ಮೇಲೆ ಕುಳಿತು, ಬೇವಿನ ಕೊಂಬೆಗೆ ವಸ್ತಾದರು ಕಟ್ಟಿಕೊಟ್ಟ ಹಗ್ಗ ಜಗ್ಗಿದೆ. ಅವರೇ ಪಕ್ಕದಲ್ಲಿ ನಿಂತು ಮೊಣಕೈ ಎಷ್ಟು ಮಡಚಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತಿದ್ದುತ್ತಿದ್ದರು. ಮುಧೋಳದ ಕಡೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರುಗಳು ನನ್ನನ್ನು ಕಂಡು ವೇಗ ತಗ್ಗಿಸುತ್ತಿದ್ದವು. "ಭಾರಿ ಗುಂಡಿಗಿ ಐತ್ರಿ ಸರ್ ನಿಮ್ದು" ಎಂದು ಜನ ಹೇಳಿಹೋಗುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಕಸರತ್ತಿಗೆ ಬಂದ ಬೇರೆ ಯಾರ ಗುಂಡಿಗೆಯನ್ನೂ ಇವರು ಹೊಗಳುತ್ತಿರಲಿಲ್ಲ. ಆದರೂ ಹೋದೆ, ಏಕೆಂದರೆ ಎಡಗೈ ಅಂಗಿ ಒಣಹಾಕುವ ತಂತಿಯನ್ನು ಮತ್ತೆ ಮುಟ್ಟತೊಡಗಿತ್ತು.

ಆಮೇಲೆ ನಗರಸಭೆಯವರು ಕಟ್ಟೆಯ ಮುಂದೆ ರಸ್ತೆಯುದ್ದಕ್ಕೂ ಗಟಾರು ತೋಡಿದರು. ದಾಟಲು ಅಡ್ಡಲಾಗಿ ಒಂದೇ ಚಪ್ಪಡಿ ಇಟ್ಟರು, ಒಂದು ಅಡಿ ಅಗಲದ್ದು. ಅದರ ಮೇಲೆ ನನ್ನ ಊರುಗೋಲು ಮತ್ತು ಕಾಲು ಎರಡೂ ಹಿಡಿಯಲಾರವು. ಅರ್ಜಿ ಕೊಡಿ ಎಂದರು, ಕೊಟ್ಟೆ. ಮತ್ತೊಮ್ಮೆ ಕೊಡಿ ಎಂದರು, ಕೊಟ್ಟೆ. ಮನೆಯ ಕಿಟಕಿಗೆ ಸೈಕಲ್ ಟ್ಯೂಬು ಕಟ್ಟಿ ಎಳೆದೆ. ತಿದ್ದುವವರಿಲ್ಲದೆ ಏನೋ ತಪ್ಪಾಗಿ, ನೋವು ಕುತ್ತಿಗೆಗೆ ಏರಿತು. ಮಳೆಗಾಲ ಬರುವಷ್ಟರಲ್ಲಿ ಕೈ ತಂತಿಯನ್ನು ಮುಟ್ಟುವುದು ನಿಂತಿತು.

ಅದೇ ದಿನಗಳಲ್ಲಿ ಜಿಮ್ಮಿನ ಮಾಲೀಕ ಮನೆಗೆ ಬಂದ. "ಹೊಸಾ ಮಶೀನ್ ತರಿಸೀವ್ರಿ ಸರ್. ಉದ್ಘಾಟನಾಕ್ಕ ನೀವ ಬರಬೇಕು. ಕಟ್ಟಿ ಮ್ಯಾಲ ದಿನಾ ನೋಡ್ತಿದ್ದೆ ನಿಮ್ಮನ್ನ. ನಮ್ಮ ಹುಡುಗ್ರಿಗೆ ನೀವ ಸ್ಫೂರ್ತಿ."

ಹೋದೆ. ನಾಲ್ಕು ಜನರ ಮುಂದೆ ಆ ಮೆಟ್ಟಿಲುಗಳ ಮಾತು ಎತ್ತಿಯೇ ಬಿಡಬೇಕೆಂದು, ಹೇಳುವುದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋದೆ. ಜಿಮ್ಮಿನ ನಾಲ್ವರು ಹುಡುಗರು ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತರು. ರಿಬ್ಬನ್ ಕತ್ತರಿಸಿದೆ. ಎದುರಿಗೇ ಇತ್ತು, ಡಾಕ್ಟರು ಕಾಗದದ ಮೇಲೆ ಗೀಚಿ ತೋರಿಸಿದ್ದ ಯಂತ್ರ: ಕುಳಿತುಕೊಂಡೇ ಮೇಲಿನ ಹಿಡಿಯನ್ನು ಎದೆಯವರೆಗೆ ಎಳೆಯುವಂಥದ್ದು. ಫೋಟೊಗಾಗಿ ಒಮ್ಮೆ ಎಳೆಯಿರಿ ಎಂದರು. ಹಿಡಿಯನ್ನು ಅವರೇ ನನ್ನ ಕೈಗೆ ಇಳಿಸಿಕೊಟ್ಟರು. ಎಳೆದೆ. ನೋವೇ ಆಗಲಿಲ್ಲ. ಭುಜದೊಳಗೆ ಸತ್ತಂತಿದ್ದದ್ದೇನೋ ಎದ್ದು ಕೂತಂತಾಯಿತು, ಕಣ್ಣಲ್ಲಿ ನೀರು ಬಂತು. ಇನ್ನೊಮ್ಮೆ ಎಳೆಯಲು ಹೊರಟೆ.

"ಆತ್ರಿ ಸರ್, ಛಲೋ ಬಂತು," ಎಂದ ಫೋಟೊ ತೆಗೆಯುವವನು.

ಮೈಕ್ ಕೈಗೆ ಬಂತು. ಬಾಯಿಪಾಠ ಮಾಡಿದ್ದು ಒಂದಕ್ಷರವೂ ಹೊರಬರಲಿಲ್ಲ. ಹೊತ್ತು ತಂದ ನಾಲ್ವರು ಬಾಗಿಲಲ್ಲೇ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಕೆಳಗೆ ಇಳಿಯಲು ಇವರೇ ಬೇಕು. ಮೇಲೆ ಕುಳಿತು ಇವರ ಮೆಟ್ಟಿಲನ್ನು ಬೈಯುವ ಧೈರ್ಯ ನನಗಿರಲಿಲ್ಲ. ಎಲ್ಲರಿಗೂ ಧನ್ಯವಾದ ಹೇಳಿದೆ. ಚಪ್ಪಾಳೆ ಬಿತ್ತು. ನನ್ನ ಬಗ್ಗೆ ಇಷ್ಟು ಹೇಸಿಗೆ ನನಗೆ ಎಂದೂ ಆಗಿರಲಿಲ್ಲ.

ಕೆಳಗೆ ಇಳಿಸಿದ ಮೇಲೆ ಮಾಲೀಕ ಕೈ ಹಿಡಿದುಕೊಂಡ. "ದಿನಾ ಬರ್ರಿ ಸರ್. ನಿಮಗ ಫೀ ಇಲ್ಲ."

"ಬರ್ತೀನ್ರಿ," ಎಂದೆ.

ಡಾಕ್ಟರು ಕೊಟ್ಟ ವರ್ಷ ತುಂಬುವ ಮೊದಲೇ ಗಾಲಿಕುರ್ಚಿ ಬಂತು. ಅದರ ಗಾಲಿ ತಿರುಗಿಸಲೂ ಭುಜ ಬೇಕು ಎನ್ನುವುದು ಕುಳಿತ ಮೇಲೆ ತಿಳಿಯಿತು. ಹೆಂಡತಿ ಹಿಂದಿನಿಂದ ದೂಡುತ್ತಾಳೆ, ಅವಳು ಒಯ್ದಲ್ಲಿಗೆ ಹೋಗುತ್ತೇನೆ.