ಮೇ ತಿಂಗಳ ಮದುವೆ, ಅಕ್ಟೋಬರಿನ ಮದುವೆ

ಲುಬ್ಲಿನ್ ನಗರಸಭೆಗೆ ಎಷ್ಟೋ ಮೇಯರುಗಳು ಬಂದರು, ಹೋದರು. ಒಳಗೆ ಬಂದವರ ಕೋಟು, ಛತ್ರಿ ತೆಗೆದಿಟ್ಟುಕೊಳ್ಳುವ ಕಟ್ಟೆಯ ಹಿಂದಿನ ಲುಟ್ಸಿನಾಕ್ಕ ಮಾತ್ರ ಕದಲಲಿಲ್ಲ, ಪಿಂಚಣಿ ಶುರುವಾದ ಮೇಲೂ. ಬಾಗಿಲು ಕಾಯುವ ನನಗೂ ಅವಳಿಗೂ ದಿನಾ ಜಗಳ, ದಿನಾ ಚಹಾ. ಕೋಟು ಬಿಚ್ಚದೆ ಮೆಟ್ಟಿಲು ಹತ್ತಿದರೆ ಅವಳು ಯಾರನ್ನೂ ಬಿಡುತ್ತಿರಲಿಲ್ಲ. "ಏನ್ ಸಾರ್, ಮೇಯರ್ ಆದ್ಮೇಲೆ ಕೊಂಬು ಬಂತಾ?" ಎಂದು ಕೂಗುತ್ತಿದ್ದಳು.

ಐವತ್ತು ವರ್ಷ ಸಂಸಾರ ಮಾಡಿದ ಜೋಡಿಗಳ ಎದೆಗೆ ನಮ್ಮಲ್ಲಿ ಮೇಯರೇ ಪದಕ ಚುಚ್ಚುತ್ತಾರೆ. ಕಳೆದ ಮೇ ತಿಂಗಳಲ್ಲಿ ಮಹಡಿಯಿಂದ ಗುಮಾಸ್ತೆ ಇಳಿದು ಬಂದಳು.

"ಅಕ್ಕಾ, ಈ ಸಲ ಪದಕ ನಿಮ್ಗೇ. ಯಜಮಾನ್ರನ್ನೂ ಕರ್ಕೊಂಡ್ ಬನ್ನಿ."

"ಅವಸರ ಯಾಕೆ? ನನ್ ಮದ್ವೆ ಆಗಿದ್ದು ಅಕ್ಟೋಬರ್‌ನಲ್ಲಿ."

"ನಮ್ ಲೆಕ್ಕದಲ್ಲಿ ಮೇ."

"ಅದೂ ಒಂದ್ ಮದ್ವೆನಾ? ಫ್ಲ್ಯಾಟಿಗೋಸ್ಕರ ಸಹಿ ಹಾಕಿದ್ದು ಕಣೇ!"

ಆ ಕಾಲದಲ್ಲಿ ಫ್ಲ್ಯಾಟಿನ ಸರದಿಯಲ್ಲಿ ಹೆಸರು ಮೇಲೇರಬೇಕಾದರೆ ನಗರಸಭೆಯಲ್ಲಿ ಸಹಿ ಹಾಕಿ ಕಾನೂನಿನ ಮದುವೆ ಆಗಿರಬೇಕಿತ್ತು. ಟ್ರಾಲಿಬಸ್ ಓಡಿಸುತ್ತಿದ್ದ ಬೊಗ್ದಾನನೂ ಅವಳೂ ಮೇ ತಿಂಗಳಲ್ಲಿ ಸಹಿ ಹಾಕಿ, ಅವಳು ತಾಯಿಯ ಮನೆಗೆ, ಅವನು ಕೆಲಸಗಾರರ ಹಾಸ್ಟೆಲಿಗೆ ಹೋದರು. ಹಳ್ಳಿಯ ನೆಂಟರಿಗೆ ಸುಗ್ಗಿ ಮುಗಿದು, ಅಕ್ಟೋಬರಿನಲ್ಲಿ ಪಾದ್ರಿಯ ಮುಂದೆ ನಿಂತ ಮೇಲೇ ಒಂದೇ ಮನೆ, ಒಂದೇ ಒಲೆ. ನಡುವಿನ ತಿಂಗಳುಗಳನ್ನು ಅವಳು ಯಾವತ್ತೂ ಲೆಕ್ಕಕ್ಕೆ ಹಿಡಿದವಳಲ್ಲ.

"ದೇವರ ಮುಂದೆ ಐವತ್ತು ತುಂಬ್ಲಿ, ಆಮೇಲ್ ಬರ್ತೀವಿ" ಎಂದು ಹಟ ಹಿಡಿದಳು. ಬೊಗ್ದಾನನ ಹೃದಯದ ಕಾಯಿಲೆ ಆಗಲೇ ಬಲಿತಿತ್ತು. "ಯಾವ ತಿಂಗಳಾದ್ರೇನಪ್ಪಾ, ಅವಳ ಪಕ್ಕ ನಿಂತ್ರೆ ಸಾಕು" ಎಂದು ನನ್ನ ಹತ್ತಿರ ಗೊಣಗಿದ. ಅವಳ ಮಾತು ಮೀರುವ ಗಂಡಸು ಅವನಲ್ಲ.

ಆಗಸ್ಟಿನಲ್ಲಿ ಅವನು ತೀರಿಕೊಂಡ.

ಮಣ್ಣು ಮಾಡಿ ಬಂದವಳಿಗೆ ದಿಕ್ಕೇ ತೋಚಲಿಲ್ಲ. ಇವರ ಕೋಟು ಅವರಿಗೆ, ಅವರ ಛತ್ರಿ ಇವರಿಗೆ ಕೊಡತೊಡಗಿದಳು. "ಐವತ್ತು ತುಂಬಿತ್ತಾ, ಇಲ್ವಾ? ನೀನಾದ್ರೂ ಹೇಳೋ" ಎಂದು ನನ್ನನ್ನು ಪೀಡಿಸಿದಳು. ಅವಳ ಹಟ ನೆನೆದು ಸಿಟ್ಟು ಬರುತ್ತಿತ್ತು, ಮುಖ ನೋಡಿದರೆ ಚಹಾ ತಂದು ಮುಂದಿಡುತ್ತಿದ್ದೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಮೇಯರು ಒಳಗೆ ಬಂದದ್ದೇ ತಡ, ಅವರ ತೋಳು ಹಿಡಿದುಕೊಂಡಳು.

"ಸಾರ್, ನಮ್ದು ಮೇ ತಿಂಗಳೇ. ಅವತ್ತಿಂದಾನೇ ನಾವು ಗಂಡ ಹೆಂಡ್ತಿ. ಐವತ್ತು ತುಂಬಿದೆ."

"ಹೌದಮ್ಮಾ, ಕಾನೂನು ಹೇಳೋದೂ ಅದೇ" ಎಂದರು ಮೇಯರು ತಬ್ಬಿಬ್ಬಾಗಿ. ಅವಳ ಮುಖ ಅರಳಿತು. ಮರುಕ್ಷಣವೇ ಬಿಳಿಚಿಕೊಂಡಿತು.

"ಅವತ್ತಿಂದಾನೇ ಗಂಡ ಆಗಿದ್ನಾ?"

"ಅವತ್ತಿಂದಾನೇ."

"ಸಹಿ ಹಾಕಿದ್ಮೇಲೆ, ಆ ಬೇಸಿಗೇಲಿ ಒಂದ್ಸಲ ಸಿಡಿಲು, ಮಳೆ. ಮನೇಲಿ ನಾನೊಬ್ಬಳೇ. ಅವ್ನು ನೆನ್ಕೊಂಡ್ ಬಂದು, 'ಇವತ್ತೊಂದಿನ ಇಲ್ಲೇ ಇರ್ಲಾ?' ಅಂತ ಕೇಳ್ದ. 'ಮೊದ್ಲು ಮದ್ವೆ ಆಗ್ಲಿ' ಅಂದು ಬಾಗ್ಲು ಹಾಕ್ಕೊಂಡೆ." ಮೇಯರ ತೋಳು ಅವಳ ಮುಷ್ಟಿಯಲ್ಲೇ ಇತ್ತು. "ಹಂಗಾದ್ರೆ ನಾನು ಬಾಗ್ಲು ಹಾಕಿದ್ದು ನನ್ ಗಂಡನ ಮುಖಕ್ಕಾ, ಸಾರ್?"